ವಿದ್ಯುತ್‌ಸ್ಪಂದ ಚಿಕಿತ್ಸೆಯ ವಾಙ್ಮಯದಲ್ಲಿ ಶಬ್ದವೂ ಪ್ರಮಾಣವೂ

ಶಾಸ್ತ್ರೀಯ ಬರಹಗಳನ್ನು ಸಾಹಿತ್ಯವಿಮರ್ಶೆಯ ಒರೆಗಲ್ಲಿಗೆ ತಿಕ್ಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ವೈದ್ಯನ ಮಾತನ್ನು ವೈದ್ಯನೇ ಪರೀಕ್ಷಿಸಲಿ, ಕಾವ್ಯವನ್ನು ಪಂಡಿತನು ನೋಡಿಕೊಳ್ಳಲಿ ಎಂಬುದು ಲೋಕದ ರೂಢಿ. ಆದರೆ ಔಷಧವು ರೋಗಿಯ ಬಾಯಿಯನ್ನು ಮುಟ್ಟುವುದಕ್ಕಿಂತ ಮೊದಲು ಶಬ್ದವು ಅವನ ಕಿವಿಯನ್ನು ಮುಟ್ಟುವುದು. ಕಾವ್ಯದಲ್ಲಿ ಅತಿಶಯೋಕ್ತಿಯು ಅಲಂಕಾರ. ಸಹೃದಯನು ಅದನ್ನು ಅತಿಶಯವೆಂದು ತಿಳಿದೇ ಆಸ್ವಾದಿಸುವನು. ವೈದ್ಯವಾಙ್ಮಯದಲ್ಲಿ ಅದೇ ಅತಿಶಯವು ನಾಮಪದದ ವೇಷದಲ್ಲಿಯೋ ಅಂಕಿಯ ವೇಷದಲ್ಲಿಯೋ ಬಂದಾಗ ಓದುವವನು ಅದನ್ನು ಯಥಾರ್ಥವೆಂದೇ ಗ್ರಹಿಸುವನು; ಗ್ರಹಿಸಿ ಹೊಲಮನೆಗಳನ್ನು ಒತ್ತೆಯಿಡುವನು. ಆದುದರಿಂದ ಶಬ್ದಾರ್ಥಗಳ ಪರೀಕ್ಷೆಯು ಇಲ್ಲಿ ವಿನೋದಕ್ಕಾಗಿ ಮಾಡುವ ಕೆಲಸವಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ ಬಲಿತ ಕ್ಯಾನ್ಸರಿಗೆ ವಿದ್ಯುತ್ತಿನ ಸ್ಪಂದಗಳಿಂದ ಮಾಡುವ ಚಿಕಿತ್ಸೆಯ ವಿಷಯವಾಗಿ ೨೦೦೫ರಿಂದ ಈಚೆಗೆ ಬೆಳೆದಿರುವ ವಾಙ್ಮಯವು ಇಂತಹ ಪರೀಕ್ಷೆಗೆ ಯೋಗ್ಯವಾದ ಉದಾಹರಣೆಯಾಗಿದೆ. ಇದರಲ್ಲಿ ಪರಿಶ್ರಮವೂ ಉಂಟು, ಪ್ರತಿಭೆಯೂ ಉಂಟು. ಶಬ್ದವು ಪ್ರಮಾಣಕ್ಕಿಂತ ಮುಂದೆ ಓಡಿರುವ ಎಡೆಗಳೂ ಉಂಟು.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಜಠರದ ಹಿಂದೆ, ಬೆನ್ನೆಲುಬಿಗೆ ಅಡ್ಡಲಾಗಿ, ಸುಮಾರು ೧೫ ಸೆಂಟಿಮೀಟರು ಉದ್ದವಾಗಿ ಮಲಗಿರುವ ಈ ಅಂಗಕ್ಕೆ ಗ್ರೀಕರು ಇಟ್ಟ ಹೆಸರಿನ ಅರ್ಥ ‘ಎಲ್ಲವೂ ಮಾಂಸ’ ಎಂದು. ಅವರು ಕಣ್ಣಿಗೆ ಕಂಡುದನ್ನು ಹೇಳಿದರು. ಕನ್ನಡದ ‘ಮೇದೋಜೀರಕ’ವು ಅಂಗದ ಕಾರ್ಯವನ್ನು ಹಿಡಿದು ಮಾಡಿದ ಹೆಸರು, ಮೇದಸ್ಸನ್ನು ಜೀರ್ಣಗೊಳಿಸುವ ರಸವು ಇಲ್ಲಿ ಹುಟ್ಟುವುದರಿಂದ ಅದು ಸಾರ್ಥಕವಾಗಿಯೇ ಇದೆ. ರೋಗಕ್ಕೆ ಗ್ರೀಕರು ಏಡಿಯ ಹೆಸರನ್ನಿಟ್ಟರು. ಕನ್ನಡದಲ್ಲಿ ಅದು ‘ಏಡಿಗಂತಿ’ಯಾಯಿತು. ಈ ಅಂಗದ ವಿಷಯದಲ್ಲಿ ಆ ಉಪಮೆಯು ಭೀಕರವಾಗಿ ಸಲ್ಲುವುದು. ಯಕೃತ್ತಿಗೂ ಕರುಳಿಗೂ ರಕ್ತವನ್ನೊಯ್ಯುವ ಮಹಾಧಮನಿಗಳೂ, ಕರುಳಿನಿಂದ ಯಕೃತ್ತಿಗೆ ರಕ್ತವನ್ನು ತರುವ ಸಿರೆಯೂ ಗ್ರಂಥಿಗೆ ಅಂಟಿಕೊಂಡೇ ಹೋಗುತ್ತವೆ. ಗಂತಿಯು ಅವನ್ನು ಕೊಂಡಿಗಳಿಂದ ಹಿಡಿದಂತೆ ಸುತ್ತಿಕೊಂಡ ಮೇಲೆ ಶಸ್ತ್ರಚಿಕಿತ್ಸಕನ ಕೈ ನಿಂತುಬಿಡುವುದು. ರೋಗವು ಪತ್ತೆಯಾದಾಗ ನೂರು ಮಂದಿಯಲ್ಲಿ ಹದಿನೈದಿಪ್ಪತ್ತು ಮಂದಿಗೆ ಮಾತ್ರ ಗಂತಿಯನ್ನು ಕೊಯ್ದು ತೆಗೆಯುವ ಅವಕಾಶವಿರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೨೦೨೫ರಲ್ಲಿ ಪ್ರಕಟವಾದ ಲೆಕ್ಕದಂತೆ, ಎಲ್ಲ ಹಂತಗಳನ್ನೂ ಕೂಡಿಸಿದರೂ, ಐದು ವರ್ಷ ಬದುಕುವವರು ನೂರಕ್ಕೆ ೧೩ ಮಂದಿ ಮಾತ್ರ.

ಈ ಎಡೆಯಲ್ಲಿಯೇ ಮೊದಲನೆಯ ಶಬ್ದದ ತೊಡಕು ಬರುವುದು. ಇಂಗ್ಲಿಷಿನವರು ಬಲಿತ ರೋಗಕ್ಕೆ ಬಳಸುವ ಮಾತನ್ನು ಕನ್ನಡದಲ್ಲಿ ‘ಮುಂದುವರಿದ’ ಎಂದು ಅನುವಾದಿಸುವ ವಾಡಿಕೆ ಬಿದ್ದಿದೆ. ಮುಂದುವರಿದ ದೇಶ, ಮುಂದುವರಿದ ವಿದ್ಯೆ ಎಂದು ಮೆಚ್ಚುಗೆಗೆ ಬಳಸುವ ಪದವನ್ನೇ ಪ್ರಾಣಾಂತಕ ರೋಗಕ್ಕೂ ಹಚ್ಚುವುದು ಔಚಿತ್ಯವಲ್ಲ. ಆದರೆ ಔಚಿತ್ಯಭಂಗಕ್ಕಿಂತ ದೊಡ್ಡ ದೋಷವೊಂದು ಈ ಪದದಲ್ಲಿ ಅಡಗಿದೆ. ಅದು ಎರಡು ಅವಸ್ಥೆಗಳನ್ನು ಒಂದೇ ಚೀಲದಲ್ಲಿ ಕಟ್ಟುವುದು. ಗಂತಿಯು ಹುಟ್ಟಿದ ಎಡೆಯಲ್ಲಿಯೇ ಇದ್ದು ರಕ್ತನಾಳಗಳನ್ನು ಆವರಿಸಿರುವುದು ಒಂದು ಅವಸ್ಥೆ. ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಈ ಅವಸ್ಥೆಯಲ್ಲಿ ಬರುವರು. ಯಕೃತ್ತು, ಶ್ವಾಸಕೋಶ ಮೊದಲಾದ ದೂರದ ಅಂಗಗಳಿಗೆ ರೋಗಬೀಜವು ಹರಡಿರುವುದು ಇನ್ನೊಂದು ಅವಸ್ಥೆ. ಸುಮಾರು ಅರ್ಧದಷ್ಟು ಮಂದಿ ಇದರಲ್ಲಿ ಬರುವರು. ಸೂಜಿಗಳ ನಡುವೆ ವಿದ್ಯುತ್ತನ್ನು ಹರಿಸುವ ಚಿಕಿತ್ಸೆಯು ಮೊದಲನೆಯ ಅವಸ್ಥೆಯನ್ನು ಉದ್ದೇಶಿಸಿ ಬೆಳೆದುದು. ‘ಮುಂದುವರಿದ ಕ್ಯಾನ್ಸರಿಗೆ ವಿದ್ಯುಚ್ಚಿಕಿತ್ಸೆ’ ಎಂಬ ಒಂದು ಸಾಲನ್ನು ಓದಿದ ಎರಡನೆಯ ಅವಸ್ಥೆಯ ರೋಗಿಯ ಮನೆಯವರು ತಮಗೆ ಸಲ್ಲದ ಆಸೆಯನ್ನು ಹೊತ್ತು ಊರಿಂದೂರಿಗೆ ಅಲೆಯುವರು. ‘ಸ್ಥಾನದಲ್ಲಿ ಬಲಿತ’, ‘ದೂರಕ್ಕೆ ಹರಡಿದ’ ಎಂದು ಎರಡು ಮಾತುಗಳನ್ನು ಬಳಸಿದರೆ ಈ ಅಲೆದಾಟವು ತಪ್ಪುವುದು.

ಇನ್ನು ಚಿಕಿತ್ಸೆಯ ಹುಟ್ಟನ್ನು ನೋಡಬೇಕು. ೧೯೬೭ರಲ್ಲಿ ಸೇಲ್ ಮತ್ತು ಹ್ಯಾಮಿಲ್ಟನ್ ಎಂಬ ಇಬ್ಬರು ವಿಜ್ಞಾನಿಗಳು ಬಲವಾದ ವಿದ್ಯುತ್‌ಕ್ಷೇತ್ರದ ಕಿರುಸ್ಪಂದಗಳು ಸೂಕ್ಷ್ಮಜೀವಿಗಳನ್ನು ಕೊಲ್ಲುವುವೆಂದೂ, ಅದಕ್ಕೆ ಕಾರಣವು ಕಾವಲ್ಲ, ಜೀವಕೋಶದ ಹೊರಪೊರೆಯು ಕೆಡುವುದೆಂದೂ ತೋರಿಸಿದರು. ೧೯೮೨ರಲ್ಲಿ ನಾಯ್ಮನ್ ಮತ್ತು ಅವರ ಸಂಗಡಿಗರು ಇದೇ ಉಪಾಯವನ್ನು ವಿರುದ್ಧಪ್ರಯೋಜನಕ್ಕೆ ತಿರುಗಿಸಿದರು. ಪೊರೆಯಲ್ಲಿ ಕ್ಷಣಕಾಲ ರಂಧ್ರವನ್ನು ಮಾಡಿ, ಅದರ ಮೂಲಕ ವಂಶವಾಹಿಯನ್ನು ಒಳಗೆ ಸೇರಿಸಿ, ರಂಧ್ರವು ತಾನೇ ಮುಚ್ಚಿಕೊಳ್ಳುವಂತೆ ಮಾಡಿದರು. ೧೯೯೧ರಲ್ಲಿ ಫ್ರಾನ್ಸಿನ ಮೀರ್ ಮೊದಲಾದವರು ಅದೇ ರಂಧ್ರದ ಮೂಲಕ ಅರ್ಬುದದ ಕೋಶಗಳಿಗೆ ವಿಷೌಷಧವನ್ನು ಹೊಗಿಸುವ ಕ್ರಮವನ್ನು ಪ್ರಕಟಪಡಿಸಿದರು. ೨೦೦೫ರಲ್ಲಿ ದಾವಾಲೋಸ್, ಮೀರ್, ರುಬಿನ್‌ಸ್ಕಿ ಈ ಮೂವರು, ಔಷಧವಿಲ್ಲದೆಯೇ, ರಂಧ್ರವು ಮುಚ್ಚದಂತೆ ಸ್ಪಂದಗಳ ಬಲವನ್ನು ಏರಿಸಿದರೆ ಅಂಗಾಂಶವನ್ನು ನಾಶಪಡಿಸಬಹುದೆಂದು ಬರೆದರು. ಈಗ ಪ್ರಸ್ತುತವಾಗಿರುವ ವಾಙ್ಮಯಕ್ಕೆ ಆ ಲೇಖನವೇ ಮೂಲ.

ಪ್ರಯೋಗದ ಕ್ರಮವು ಹೀಗಿದೆ. ರೋಗಿಗೆ ಪೂರ್ಣವಾದ ಮಂಪರನ್ನು ಕೊಟ್ಟು, ಮಾಂಸಖಂಡಗಳು ಸೆಟೆಯದಂತೆ ಅವನ್ನು ಔಷಧದಿಂದ ಸಡಿಲಿಸಿ, ಗಂತಿಯ ಸುತ್ತ ಸೂಜಿಗಳನ್ನು ಒಂದಕ್ಕೊಂದು ಸಮಾನಾಂತರವಾಗಿ, ಸುಮಾರು ಎರಡು ಸೆಂಟಿಮೀಟರು ಅಂತರದಲ್ಲಿ ನಿಲ್ಲಿಸುವರು. ಸೂಜಿಗಳ ಒಂದೊಂದು ಜೋಡಿಯ ನಡುವೆ ಸಾಮಾನ್ಯವಾಗಿ ೯೦ ಸ್ಪಂದಗಳನ್ನು ಕಳುಹಿಸುವರು. ಒಂದು ಸ್ಪಂದದ ಕಾಲವು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ೭೦ರಿಂದ ೧೦೦ ಭಾಗಗಳು ಮಾತ್ರ; ಬಲವು ಸೆಂಟಿಮೀಟರಿಗೆ ಸುಮಾರು ೧,೫೦೦ ವೋಲ್ಟು. ಹೃದಯದ ಲಯವು ಕೆಡದಂತೆ ಸ್ಪಂದಗಳನ್ನು ಎದೆಬಡಿತಕ್ಕೆ ಹೊಂದಿಸಿ ಬಿಡುವರು. ಕೋಶಗಳು ಸಾಯುತ್ತವೆ, ಆದರೆ ರಕ್ತನಾಳದ ಗೋಡೆಗೆ ಚೌಕಟ್ಟಾಗಿರುವ ತಂತುಗಳು ಬಹುಮಟ್ಟಿಗೆ ಉಳಿಯುತ್ತವೆ. ನಾಳಗಳನ್ನು ಸುತ್ತಿಕೊಂಡ ಗಂತಿಗೆ ಈ ಉಪಾಯವು ವೈದ್ಯರ ಮನಸ್ಸನ್ನು ಸೆಳೆದುದಕ್ಕೆ ಇದೇ ಕಾರಣ. ಸುಶ್ರುತಸಂಹಿತೆಯು ಅರ್ಬುದಕ್ಕೆ ಶಸ್ತ್ರ, ಕ್ಷಾರ, ಅಗ್ನಿ ಎಂಬ ಸಾಧನಗಳನ್ನು ಹೇಳಿದೆ. ಶೇಷವುಳಿದ ಅರ್ಬುದವು ಮತ್ತೆ ಬೆಳೆಯುವುದೆಂಬ ಎಚ್ಚರಿಕೆಯನ್ನೂ ಕೊಟ್ಟಿದೆ. ವಿದ್ಯುತ್‌ಸ್ಪಂದವು ಈ ಮೂರರಲ್ಲಿ ಒಂದಕ್ಕೂ ಸೇರದ ನಾಲ್ಕನೆಯ ಸಾಧನವೆಂದು ಒಪ್ಪಬಹುದು. ಆದರೆ ಸಾಧನವು ಹೊಸದಾದ ಮಾತ್ರಕ್ಕೆ ಹಳೆಯ ಎಚ್ಚರಿಕೆಯು ರದ್ದಾಗುವುದಿಲ್ಲ.

ಈ ಸಾಧನದ ಹೆಸರುಗಳನ್ನು ಪರಿಶೀಲಿಸಿದರೆ ಶಬ್ದದ ಓಟವು ತಿಳಿಯುವುದು. ಯಂತ್ರಕ್ಕೆ ಅದನ್ನು ಮಾರುವವರು ‘ನ್ಯಾನೋನೈಫ್’ ಎಂಬ ಹೆಸರನ್ನಿಟ್ಟರು. ‘ನೈಫ್’ ಎಂದರೆ ಚಾಕು. ಆದರೆ ಇಲ್ಲಿ ಕೊಯ್ಯುವ ಅಲಗೇ ಇಲ್ಲ. ‘ನ್ಯಾನೋ’ ಎಂಬ ಅತಿಸೂಕ್ಷ್ಮಮಾನವು ಪೊರೆಯ ರಂಧ್ರಕ್ಕೆ ಸಲ್ಲುವುದೇ ಹೊರತು ಸೂಜಿಗಾಗಲಿ ಸ್ಪಂದದ ಕಾಲಕ್ಕಾಗಲಿ ಸಲ್ಲುವುದಿಲ್ಲ. ಮುಖ್ಯಾರ್ಥವು ಬಾಧಿತವಾದಾಗ ಲಕ್ಷಣೆಯನ್ನು ಆಶ್ರಯಿಸಬೇಕೆಂಬುದು ಅಲಂಕಾರಿಕರ ಮತ. ಲಕ್ಷಣೆಗೆ ರೂಢಿಯಾದರೂ ಪ್ರಯೋಜನವಾದರೂ ಇರಬೇಕು. ಇಲ್ಲಿ ರೂಢಿಯಿಲ್ಲ. ಪ್ರಯೋಜನವೇನೆಂದರೆ, ಚಾಕುವಿನ ನಿಷ್ಕೃಷ್ಟತೆಯನ್ನೂ ಸೂಕ್ಷ್ಮತೆಯ ನಿರಪಾಯತೆಯನ್ನೂ ಕೇಳುವವನ ಮನಸ್ಸಿನಲ್ಲಿ ಧ್ವನಿಸುವುದು. ಧ್ವನಿಯು ಕಾವ್ಯದ ಆತ್ಮವಾಗಿರಬಹುದು. ಯಂತ್ರದ ಹೆಸರಿನಲ್ಲಿ ಅದು ವ್ಯಾಪಾರದ ದಲ್ಲಾಳಿಯಾಗುವುದು. ಈ ಚಿಕಿತ್ಸೆಗೆ ಕಾವಿಲ್ಲವೆಂಬ ವಿಶೇಷಣವೂ ಇಷ್ಟೇ ಎಚ್ಚರದಿಂದ ಓದತಕ್ಕದ್ದು. ಕೋಶವು ಸಾಯುವುದು ಮುಖ್ಯವಾಗಿ ಕಾವಿನಿಂದಲ್ಲ ಎಂಬಷ್ಟೇ ಅದರ ತಾತ್ಪರ್ಯ. ಸೂಜಿಯ ಸಮೀಪದಲ್ಲಿ ಕಾವು ಏರುವುದೆಂಬುದನ್ನು ಅಳೆದೇ ನೋಡಿದ್ದಾರೆ.

ಎಲ್ಲಕ್ಕಿಂತ ಹೆಚ್ಚಿನ ವಿಚಾರಕ್ಕೆ ಅರ್ಹವಾದುದು ಶಾಸ್ತ್ರಕಾರರೇ ಇಟ್ಟ ಹೆಸರಿನಲ್ಲಿರುವ ವಿಶೇಷಣ. ಅದರ ಅರ್ಥ ‘ಹಿಂದಿರುಗದ ರಂಧ್ರೀಕರಣ’ ಎಂದು. ೧೯೮೨ರ ಪ್ರಯೋಗದಲ್ಲಿ ರಂಧ್ರವು ಮುಚ್ಚಿತು, ಇಲ್ಲಿ ಮುಚ್ಚುವುದಿಲ್ಲ ಎಂಬ ಭೇದವನ್ನು ತಿಳಿಸಲು ಈ ವಿಶೇಷಣವು ಹುಟ್ಟಿತು. ಅಷ್ಟಕ್ಕೆ ಅದು ನಿರ್ದುಷ್ಟ. ಕೋಶವು ಹಿಂದಿರುಗುವುದಿಲ್ಲ, ನಿಜ. ರೋಗವು ಹಿಂದಿರುಗುವುದಿಲ್ಲವೆಂದು ಯಾರೂ ತೋರಿಸಿಲ್ಲ. ನ್ಯಾಯಶಾಸ್ತ್ರವನ್ನು ಓದಿದವರು ಈ ದೋಷವನ್ನು ಕೂಡಲೇ ಗುರುತಿಸುವರು. ಪರ್ವತದಲ್ಲಿ ಬೆಂಕಿಯನ್ನು ಸಾಧಿಸಬೇಕಾದರೆ ಹೊಗೆಯು ಪರ್ವತದಲ್ಲಿಯೇ ಇರಬೇಕು. ಅಡಿಗೆಮನೆಯ ಹೊಗೆಯಿಂದ ಪರ್ವತದ ಬೆಂಕಿಯು ಸಿದ್ಧವಾಗದು. ಕೋಶನಾಶವೆಂಬ ಹೇತುವಿನ ಅಧಿಕರಣವು ಸೂಜಿಗಳ ನಡುವಣ ಎರಡು ಮೂರು ಸೆಂಟಿಮೀಟರು ಮಾಂಸ. ಆಯುರ್ವೃದ್ಧಿಯೆಂಬ ಸಾಧ್ಯದ ಅಧಿಕರಣವು ಇಡಿಯ ಮನುಷ್ಯ. ಹೇತುಸಾಧ್ಯಗಳು ಬೇರೆ ಬೇರೆ ಎಡೆಗಳಲ್ಲಿರುವುದರಿಂದ ಇದು ವ್ಯಧಿಕರಣವಾದ ಹೇತು. ಈ ವಿಷಯದಲ್ಲಿ ರಾಜಶಾಸನದ ಭಾಷೆಯು ಪ್ರಚಾರದ ಭಾಷೆಗಿಂತ ಶುದ್ಧವಾಗಿದೆ. ಅಮೆರಿಕದ ಔಷಧನಿಯಂತ್ರಣಾಧಿಕಾರಿಗಳು ಯಂತ್ರಕ್ಕೆ ಮೊದಲು ಅನುಮತಿಯನ್ನು ಕೊಟ್ಟಾಗ ‘ಮೃದುವಾದ ಅಂಗಾಂಶದ ನಾಶಕ್ಕಾಗಿ’ ಎಂದಷ್ಟೇ ಬರೆದರು. ಯಾವ ರೋಗದ ಹೆಸರನ್ನೂ ಅದರಲ್ಲಿ ಸೇರಿಸಲಿಲ್ಲ.

ಇನ್ನು ಅಂಕಿಗಳ ವಿಚಾರ. ೨೦೧೫ರಲ್ಲಿ ಅಮೆರಿಕದ ಮಾರ್ಟಿನ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಪಡೆದ ೨೦೦ ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರ ಬದುಕಿನ ಮಧ್ಯಾಂಕವು ೨೪.೯ ತಿಂಗಳು. ಈ ಅಂಕಿಯು ಹಲವು ಲೇಖನಗಳಲ್ಲಿ ಮಂತ್ರದಂತೆ ಆವೃತ್ತಿಯಾಯಿತು. ಆದರೆ ಆ ಇನ್ನೂರು ಮಂದಿಯೂ ಮೊದಲು ಔಷಧಚಿಕಿತ್ಸೆಯನ್ನು ಪಡೆದವರು. ಅದರ ಕಾಲದ ಮಧ್ಯಾಂಕವು ೬ ತಿಂಗಳು. ಅಷ್ಟು ತಿಂಗಳು ಬದುಕಿದ್ದು, ರೋಗವು ದೂರಕ್ಕೆ ಹರಡದೆ, ಮಂಪರನ್ನು ತಾಳುವಷ್ಟು ದೇಹಬಲವುಳ್ಳವರೇ ಸೂಜಿಯವರೆಗೆ ಬಂದರು. ಉಳಿದವರು ದಾರಿಯಲ್ಲಿಯೇ ಕಳಚಿಹೋದರು. ಅವರು ಲೆಕ್ಕದಲ್ಲಿ ಕಾಣಿಸರು. ಬೆಂಕಿಯಿದ್ದ ಎಡೆಯಲ್ಲೆಲ್ಲ ಹೊಗೆಯಿರುವುದು ಎಂಬ ಮಾತಿಗೆ ಹಸಿಯ ಸೌದೆಯ ಸಂಯೋಗವೇ ಉಪಾಧಿಯೆಂದು ನೈಯಾಯಿಕರು ಹೇಳುವರು. ಹೊಗೆಗೆ ನಿಜವಾದ ಕಾರಣವು ಆ ಹಸಿಯ ಸೌದೆ. ಇಲ್ಲಿಯೂ ಹಾಗೆಯೇ. ಸ್ಪಂದವನ್ನು ಪಡೆದವರು ದೀರ್ಘಕಾಲ ಬದುಕಿದರು ಎಂಬ ಮಾತಿಗೆ, ಅವರು ಮೊದಲೇ ಆಯ್ಕೆಯಾಗಿ ಬಂದವರೆಂಬುದು ಉಪಾಧಿಯಾಗಬಹುದು. ೨೦೧೬ರಲ್ಲಿ ಪ್ರಕಟವಾದ ಒಂದು ಸಂಗ್ರಹವಿಮರ್ಶೆಯು, ಫೋಲ್ಫಿರಿನಾಕ್ಸ್ ಎಂಬ ಔಷಧಸಮೂಹದಿಂದ ಚಿಕಿತ್ಸೆಯನ್ನು ಆರಂಭಿಸಿದ, ಸ್ಥಾನದಲ್ಲಿ ಬಲಿತ ರೋಗವುಳ್ಳ ೩೧೫ ಮಂದಿಯ ವೃತ್ತಾಂತಗಳನ್ನು ಕೂಡಿಸಿ ನೋಡಿತು, ಮಧ್ಯಾಂಕವು ೨೪.೨ ತಿಂಗಳಾಯಿತು. ಈ ಎರಡು ಗುಂಪುಗಳು ಒಂದೇ ಬಗೆಯವಲ್ಲವಾದುದರಿಂದ ಅವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೆ ತೂಗಲಾಗದೆಂಬ ನಿಯಮವು ಎರಡು ಕಡೆಗೂ ಸಮಾನ: ೨೪.೯ ಎಂಬ ಅಂಕಿಯೊಂದರಿಂದಲೇ ಸ್ಪಂದದ ಗುಣವನ್ನು ಸ್ಥಾಪಿಸಲಾಗದು.

ಎಣಿಕೆಯನ್ನು ಯಾವ ದಿನದಿಂದ ಆರಂಭಿಸಿದರೆಂಬುದನ್ನೂ ಕೇಳಬೇಕು. ಈ ವಿಷಯದಲ್ಲಿ ಆಂಸ್ಟರ್‌ಡ್ಯಾಮಿನ ವೈದ್ಯರ ಬರಹಗಳು ಮೆಚ್ಚತಕ್ಕವು. ಅವರು ೨೦೨೦ರಲ್ಲಿ ಪ್ರಕಟಿಸಿದ ೫೦ ಮಂದಿಯ ಅಧ್ಯಯನದಲ್ಲಿ ಸ್ಥಾನದಲ್ಲಿ ಬಲಿತ ರೋಗವುಳ್ಳವರ ಮಧ್ಯಾಂಕವನ್ನು ರೋಗವು ಪತ್ತೆಯಾದ ದಿನದಿಂದ ೧೭ ತಿಂಗಳೆಂದೂ, ಚಿಕಿತ್ಸೆಯ ದಿನದಿಂದ ೧೦ ತಿಂಗಳೆಂದೂ ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದರು. ೫೦ ಮಂದಿಯಲ್ಲಿ ೨೯ ಮಂದಿಗೆ ಉಪದ್ರವಗಳಾದುದನ್ನೂ ಹೇಳಿದರು. ಇಂತಹ ಬರಹವನ್ನು ಓದಿದ ರೋಗಿಯು ದುಃಖಿಸಬಹುದು, ಮೋಸಹೋಗುವುದಿಲ್ಲ.

ಉಪಾಧಿಯನ್ನು ಕಳೆಯುವ ಮಾರ್ಗವು ಅನ್ವಯವ್ಯತಿರೇಕ. ಒಂದೇ ಬಗೆಯ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಾಲುಮಾಡಿ, ಒಂದು ಪಾಲಿಗೆ ಈ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಬೇರೊಂದನ್ನೂ ಕೊಟ್ಟು ನೋಡಬೇಕು. ಆಂಸ್ಟರ್‌ಡ್ಯಾಮಿನವರೇ ಅದನ್ನು ಮಾಡಿದರು. ೨೦೧೬ರಿಂದ ೨೦೨೨ರವರೆಗೆ ೬೮ ಮಂದಿಯನ್ನು ಸೇರಿಸಿಕೊಂಡು, ಅರ್ಧದಷ್ಟು ಮಂದಿಯನ್ನು ವಿದ್ಯುತ್‌ಸ್ಪಂದಕ್ಕೂ ಉಳಿದವರನ್ನು ಕಾಂತಚಿತ್ರಣದ ನೆರವಿನಿಂದ ಗುರಿಯಿಟ್ಟು ಬಿಡುವ ಕಿರಣಚಿಕಿತ್ಸೆಗೂ ಹಂಚಿದರು. ಕ್ರಾಸ್‌ಫೈರ್ ಎಂಬ ಹೆಸರಿನ ಈ ಪರೀಕ್ಷೆಯ ಫಲವು ೨೦೨೪ರಲ್ಲಿ ಪ್ರಕಟವಾಯಿತು. ಕಿರಣದ ಪಾಲಿನವರ ಮಧ್ಯಾಂಕ ೧೬.೧ ತಿಂಗಳು; ಸ್ಪಂದದ ಪಾಲಿನವರದು ೧೨.೫ ತಿಂಗಳು. ಮುಂದುವರಿಸಿದರೂ ಸ್ಪಂದದ ಮೇಲ್ಮೆಯು ಸಿದ್ಧವಾಗಲಾರದೆಂದು ಕಂಡು ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದ್ದರು. ಸ್ಪಂದದ ಉಪಾಸಕರಾಗಿದ್ದವರೇ ತಮ್ಮ ಪಕ್ಷಕ್ಕೆ ಪ್ರತಿಕೂಲವಾದ ಫಲವನ್ನು ಪ್ರಕಟಿಸಿದುದು ಈ ವಾಙ್ಮಯದ ಅತ್ಯಂತ ಗೌರವಾರ್ಹವಾದ ಅಧ್ಯಾಯ.

ಪೂರ್ವಪಕ್ಷಕ್ಕೂ ನ್ಯಾಯವನ್ನು ಸಲ್ಲಿಸಬೇಕು. ೬೮ ಮಂದಿಯ ಪರೀಕ್ಷೆಯು ಚಿಕ್ಕದು. ಎರಡು ಪಾಲುಗಳ ನಡುವಣ ಅಂತರವು ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ಇದೆ. ಆದುದರಿಂದ ಸ್ಪಂದವು ಕಿರಣಕ್ಕಿಂತ ಕೀಳೆಂದು ಅದರಿಂದ ಸಿದ್ಧವಾಗಲಿಲ್ಲ. ಮೇಲೆಂಬುದು ಸಿದ್ಧವಾಗಲಿಲ್ಲ, ಅಷ್ಟೆ. ಆಯ್ದ ರೋಗಿಗಳಿಗೆ, ನುರಿತ ಕೈಗಳಲ್ಲಿ, ಈ ಸಾಧನದಿಂದ ಪ್ರಯೋಜನವಾಗಬಹುದೆಂಬ ಸಂಭಾವನೆಯನ್ನು ಯಾರೂ ಖಂಡಿಸಿಲ್ಲ. ಆದರೆ ಸಂಭಾವನೆಯನ್ನು ನಿರ್ಣಯವೆನ್ನುವ ಉತ್ಸಾಹವು ಎಷ್ಟು ದೋಷವೋ, ಅಸಿದ್ಧವಾದುದನ್ನು ಅಸತ್ಯವೆನ್ನುವ ಅವಸರವೂ ಅಷ್ಟೇ ದೋಷ.

ಇಲ್ಲಿಯೇ ಇನ್ನೊಂದು ಸಂಕರವನ್ನು ಬಿಡಿಸಬೇಕು. ಮೈಮೇಲೆ ಪಟ್ಟಿಗಳನ್ನು ಅಂಟಿಸಿ, ದಿಕ್ಕನ್ನು ಸೆಕೆಂಡಿಗೆ ಲಕ್ಷಾಂತರ ಸಲ ಬದಲಿಸುವ ಮೆಲ್ಲನೆಯ ವಿದ್ಯುತ್‌ಕ್ಷೇತ್ರವನ್ನು ದಿನದ ಬಹುಭಾಗ ಹರಿಸುವ ಚಿಕಿತ್ಸೆಯೊಂದುಂಟು. ಅದರಲ್ಲಿ ಸೂಜಿಯೂ ಇಲ್ಲ, ಸ್ಪಂದವೂ ಇಲ್ಲ, ರಂಧ್ರದಿಂದ ಕೋಶವನ್ನು ಕೊಲ್ಲುವ ಉದ್ದೇಶವೂ ಇಲ್ಲ. ಕೋಶವು ಇಬ್ಭಾಗವಾಗಿ ಹೆಚ್ಚುವುದನ್ನು ತಡೆಯುವುದೇ ಅದರ ಗುರಿ. ಇದನ್ನೂ ‘ವಿದ್ಯುಚ್ಚಿಕಿತ್ಸೆ’ ಎಂದೇ ಕರೆದರೆ ಒಂದರ ಫಲವು ಇನ್ನೊಂದರ ಖಾತೆಗೆ ಜಮೆಯಾಗುವುದು. ಸ್ಥಾನದಲ್ಲಿ ಬಲಿತ ರೋಗವುಳ್ಳ ೫೭೧ ಮಂದಿಯನ್ನು ಚೀಟಿಯಿಂದ ಹಂಚಿ ನಡೆಸಿದ ಅದರ ಪರೀಕ್ಷೆಯ ಫಲವು ೨೦೨೫ರಲ್ಲಿ ಪ್ರಕಟವಾಯಿತು. ಔಷಧದೊಡನೆ ಕ್ಷೇತ್ರವನ್ನೂ ಪಡೆದವರ ಮಧ್ಯಾಂಕ ೧೬.೨ ತಿಂಗಳು, ಔಷಧವನ್ನು ಮಾತ್ರ ಪಡೆದವರದು ೧೪.೨ ತಿಂಗಳು. ಎರಡು ತಿಂಗಳೆಂಬುದು ಕಿವಿಗೆ ಚಿಕ್ಕ ಮಾತು. ಆದರೆ ಅದರ ಬೆನ್ನಿಗೆ ವ್ಯತಿರೇಕದ ಬಲವಿದೆ. ಪ್ರಮಾಣವಿಲ್ಲದ ಇಪ್ಪತ್ತನಾಲ್ಕಕ್ಕಿಂತ ಪ್ರಮಾಣವುಳ್ಳ ಎರಡು ಹೆಚ್ಚೆಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಅಗತ್ಯ.

ಈ ವಿಚಾರವು ಕನ್ನಡದ ಉಪಾಧ್ಯಾಯರಿಗೆ ಹೊರಗಿನದಲ್ಲ. ಮಂಗರಾಜನ ಖಗೇಂದ್ರಮಣಿದರ್ಪಣವು ಹುಟ್ಟಿದ ಹದಿನಾಲ್ಕನೆಯ ಶತಮಾನದಿಂದಲೂ, ಅದಕ್ಕೆ ಹಿಂದಿನಿಂದಲೂ, ವೈದ್ಯವು ಕನ್ನಡದಲ್ಲಿ ಮಾತನಾಡುತ್ತ ಬಂದಿದೆ. ಇಂದು ವಿದೇಶದ ವೈದ್ಯವಾರ್ತೆಯನ್ನು ಕನ್ನಡಕ್ಕೆ ತರುವವರು ಭಾಷೆಯ ತರಗತಿಗಳಲ್ಲಿ ಓದಿದವರೇ. ಮಧ್ಯಾಂಕವನ್ನು ‘ಸರಾಸರಿ’ ಎನ್ನುವುದು ಅವರು ಬಿಡಬೇಕಾದ ಮೊದಲ ತಪ್ಪು. ನೂರು ಮಂದಿಯಲ್ಲಿ ಐವತ್ತು ಮಂದಿ ಆ ಅವಧಿಗೆ ಮೊದಲೇ ತೀರಿಕೊಂಡರು, ಐವತ್ತು ಮಂದಿ ಆಮೇಲೂ ಬದುಕಿದ್ದರು ಎಂಬುದೇ ಅದರ ಅರ್ಥ. ಅದು ಯಾವೊಬ್ಬನಿಗೂ ಕೊಟ್ಟ ವಾಗ್ದಾನವಲ್ಲ. ಹೆಸರಿನ ವಿಶೇಷಣವನ್ನು ‘ಬದಲಾಯಿಸಲಾಗದ’ ಎಂದು ತಿರುಗಿಸುವುದು ಎರಡನೆಯ ತಪ್ಪು. ‘ಮುಚ್ಚದ ರಂಧ್ರ’ ಎಂದರೆ ವಿಶೇಷಣವು ತನ್ನ ವಿಶೇಷ್ಯದ ಮೇಲೆಯೇ ನಿಲ್ಲುವುದು, ರೋಗಿಯ ಆಯುಸ್ಸಿನ ಮೇಲೆ ಹತ್ತಿ ಕುಳಿತುಕೊಳ್ಳದು. ‘ಸ್ಪಂದ’ಕ್ಕೆ ಬದಲಾಗಿ ‘ನಾಡಿ’ ಎನ್ನುವುದು ಮೂರನೆಯ ತಪ್ಪು. ನಾಡಿಯು ರೋಗಿಯದು, ಸ್ಪಂದವು ಯಂತ್ರದ್ದು. ‘ಗಂತಿಯು ನಾಶವಾಯಿತು’ ಎಂಬಲ್ಲಿ ‘ರೋಗವು ಗುಣವಾಯಿತು’ ಎಂದು ಬರೆಯುವುದು ನಾಲ್ಕನೆಯದು, ಎಲ್ಲಕ್ಕಿಂತ ಘೋರವಾದುದು.

ಮೇದೋಜೀರಕದ ರೋಗವು ಹೀಗೆ ಬಲಿತ ಮೇಲೆ ಮನುಷ್ಯನಿಗೆ ಉಳಿಯುವುದು ತಿಂಗಳುಗಳ ಲೆಕ್ಕ. ಆ ತಿಂಗಳುಗಳನ್ನು ಆಸ್ಪತ್ರೆಯ ಮಂಚದ ಮೇಲೆ ಕಳೆಯಬೇಕೋ ಮನೆಯ ಜಗಲಿಯ ಮೇಲೆ ಕಳೆಯಬೇಕೋ, ಇದ್ದ ಹಣವನ್ನು ದೂರದ ಯಂತ್ರಕ್ಕೆ ಸುರಿಯಬೇಕೋ ಮಕ್ಕಳಿಗೆ ಉಳಿಸಬೇಕೋ ಎಂಬುದನ್ನು ನಿರ್ಣಯಿಸುವ ಅಧಿಕಾರವು ಅವನದು. ಆ ನಿರ್ಣಯಕ್ಕೆ ಅವನಿಗಿರುವ ಆಧಾರವು ಇತರರು ಆಡಿದ, ಬರೆದ, ಅನುವಾದಿಸಿದ ಮಾತು. ಆಪ್ತನ ವಾಕ್ಯವೇ ಶಬ್ದಪ್ರಮಾಣವೆಂದು ಶಾಸ್ತ್ರವು ಹೇಳುವುದು. ಕಂಡುದನ್ನು ಕಂಡಷ್ಟೇ ಹೇಳುವವನು ಆಪ್ತನು. ವಿದ್ಯುತ್ತಿನ ಸ್ಪಂದವು ಕೋಶದ ಪೊರೆಯನ್ನು ಭೇದಿಸುವುದು ಸಿದ್ಧವಾದ ವಿಷಯ. ಅದರಿಂದ ಆಯುಸ್ಸು ಬೆಳೆಯುವುದೆಂಬುದು ಇನ್ನೂ ಸಾಧ್ಯಕೋಟಿಯಲ್ಲಿದೆ. ಈ ಎರಡು ವಾಕ್ಯಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಂಡು ಬರೆಯಬಲ್ಲವನೇ ಈ ವಿಷಯದಲ್ಲಿ ಆಪ್ತನು.